ಎರಡನೇ ಕಾಲಂನಲ್ಲಿ ಬೇಂದ್ರೆ

ಎಂಟು ಹೆಸರು ಕೈಯಲ್ಲಿ ಬರೆದುಕೊಳ್ಳಲು ಎರಡು ನಿಮಿಷ ಸಾಕು. ಅದನ್ನೇ ಟರ್ಮಿನಲ್‌ನಲ್ಲಿ ಕಮಾಂಡ್ ಕೊಟ್ಟು ತೆಗೆಯಲು ಒಂದು ಸಂಜೆಯೇ ಬೇಕಾಗಬಹುದು. ಸಂಜೆಯನ್ನೇ ಆರಿಸಿಕೊಳ್ಳುವ ಒಂದು ಪಂಗಡ ಲೋಕದಲ್ಲಿದೆ. ನಾನು ಅದರ ಆಜೀವ ಸದಸ್ಯ.

ಬಡಾವಣೆಯ ಸಂಘದವರು ರಾಜ್ಯೋತ್ಸವದ ಫಲಕಗಳಿಗೆಂದು ಕನ್ನಡದ ಎಂಟು ಜ್ಞಾನಪೀಠಿಗಳ ಪಟ್ಟಿಯನ್ನು ಟೆಕ್ಸ್ಟ್ ಫೈಲಿನಲ್ಲಿ ಕಳಿಸಿದ್ದರು. ಸಾಲಿಗೊಬ್ಬರು: ಮೊದಲು ಇಸವಿ, ನಡುವೆ ಹೆಸರು, ಕೊನೆಗೆ ಊರು. 1967, ಕುವೆಂಪು, ಕುಪ್ಪಳಿ ಎಂದು ಶುರುವಾಗಿ 2010, ಚಂದ್ರಶೇಖರ ಕಂಬಾರ, ಘೋಡಗೇರಿ ಎಂದು ಮುಗಿಯುತ್ತಿತ್ತು. "ಹೆಸರಷ್ಟೇ ತೆಗೆದುಕೊಡಿ ಸಾರ್, ಕಂಪ್ಯೂಟರಿನವರು ನೀವು, ನಿಮಗೇನು ಮಹಾ" ಎಂದು ಅಧ್ಯಕ್ಷರು ಉಬ್ಬಿಸಿದರು.

ಕಾಲಂ ಕತ್ತರಿಸಲು ಯುನಿಕ್ಸ್‌ನಲ್ಲಿ ಕಟ್ ಎಂಬ ಕಮಾಂಡ್ ಇದೆ. 1980ರ ದಶಕದ ಆರಂಭದಲ್ಲಿ ಎಟಿ ಅಂಡ್ ಟಿಯವರ ಸಿಸ್ಟಂ ತ್ರೀ ಜೊತೆ ಬಂದದ್ದು. ಕಾಲಂಗಳ ನಡುವಿನ ಗಡಿ ಯಾವುದು, ಎಷ್ಟನೆಯದು ಬೇಕು, ಇಷ್ಟು ಹೇಳಿದರೆ ಕೆಲಸ ಮುಗಿಯಿತು. ಗಡಿ ಹೇಳದಿದ್ದರೆ ಟ್ಯಾಬ್ ಎಂದುಕೊಳ್ಳುತ್ತದೆ. ಆದರೆ ಈ ಪಟ್ಟಿ ಟೈಪ್ ಮಾಡಿದ ಪುಣ್ಯಾತ್ಮರು ಟ್ಯಾಬನ್ನು ಮುಟ್ಟಿಯೇ ಇರಲಿಲ್ಲ. ಕಾಲಂ ನೆಟ್ಟಗೆ ಕಾಣುವವರೆಗೂ ಸ್ಪೇಸ್ ಬಾರ್ ಬಡಿದಿದ್ದರು, ಒಂದು ಕಡೆ ಮೂರು, ಇನ್ನೊಂದು ಕಡೆ ಏಳು. ಸ್ಪೇಸೇ ಗಡಿ ಎಂದು ಹೇಳಿದರೆ ಕಟ್ ಒಂದೊಂದು ಸ್ಪೇಸನ್ನೂ ಒಂದೊಂದು ಗಡಿಯೆಂದೇ ಲೆಕ್ಕ ಹಾಕುತ್ತದೆ. ಎರಡನೇ ಕಾಲಂ ಕೇಳಿದೆ. ಎಂಟು ಖಾಲಿ ಸಾಲು ಕೊಟ್ಟಿತು.

ಟಿಆರ್ ಎಂಬ ಇನ್ನೊಂದು ಕಮಾಂಡಿನಿಂದ ಸಾಲುಸಾಲು ಸ್ಪೇಸುಗಳನ್ನು ಒಂದೊಂದಕ್ಕೆ ಇಳಿಸಿ ಮತ್ತೆ ಕೇಳಿದೆ. ಈ ಸಲ ಬಂತು: ಕುವೆಂಪು, ದ, ಕೋಟ, ಮಾಸ್ತಿ, ವಿನಾಯಕ, ಯು, ಗಿರೀಶ, ಚಂದ್ರಶೇಖರ. ದ.ರಾ. ಬೇಂದ್ರೆಯವರು ಬರಿಯ 'ದ', ಅನಂತಮೂರ್ತಿಯವರು 'ಯು'. ಕಾರಂತರ ಜಾಗದಲ್ಲಿ ಅವರ ಊರು. ಇಡಿಯಾಗಿ ಉಳಿದವರು ಕುವೆಂಪು ಒಬ್ಬರೇ. ಕೆ.ವಿ. ಪುಟ್ಟಪ್ಪ ಎಂದು ಬಿಡಿಸಿ ಬರೆದಿದ್ದರೆ ಅವರೂ 'ಕೆ' ಆಗುತ್ತಿದ್ದರು. ಊರು, ತಂದೆ, ತಾನು ಎಂದು ಮೂರು ತಲೆಮಾರಿನ ವಿಳಾಸ ಹೊತ್ತು ತಿರುಗುವ ನಮ್ಮ ಹೆಸರುಗಳು ಒಂದು ಕಾಲಂನಲ್ಲಿ ಹಿಡಿಸುವಂಥವಲ್ಲ.

ಇನಿಷಿಯಲ್‌ನ ಕಷ್ಟ ತಿಳಿಯಬೇಕಾದರೆ ಇನಿಷಿಯಲ್‌ನವರೇ ಬೇಕು. ಹಾಗಾಗಿ ಆಕ್ ಎಂಬ ಕಮಾಂಡಿನ ಮೊರೆ ಹೋದೆ. ಅದು ಹುಟ್ಟಿದ್ದು 1977ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಕಾರಂತರ ಹೆಸರಿನ ಮುಂದೆ ಇರುವ ಇಸವಿಯೂ ಅದೇ. ಏಹೋ, ವೈನ್‌ಬರ್ಗರ್, ಕರ್ನಿಗನ್ ಮೂವರೂ ತಮ್ಮ ಹೆಸರಿನ ಮೊದಲಕ್ಷರಗಳನ್ನೇ ಜೋಡಿಸಿ ಅದಕ್ಕೆ ನಾಮಕರಣ ಮಾಡಿದರು. ಆಕ್‌ನದು ಉದಾರ ಸ್ವಭಾವ. ನಡುವೆ ಎಷ್ಟು ಸ್ಪೇಸ್ ಇದ್ದರೂ ಒಂದೇ ಗಡಿ ಎನ್ನುತ್ತದೆ. ಡಾಲರ್ ಒಂದು ಎಂದರೆ ಮೊದಲ ಕಾಲಂ, ಡಾಲರ್ ಎನ್‌ಎಫ್ ಎಂದರೆ ಕೊನೆಯದು, ಸಾಲಿನಲ್ಲಿ ಎಷ್ಟೇ ಪದಗಳಿರಲಿ. ಮೊದಲನೆಯದು ಇಸವಿ, ಕೊನೆಯದು ಊರು. ಅವೆರಡನ್ನೂ ಬಿಟ್ಟು ನಡುವೆ ಉಳಿದದ್ದಷ್ಟೂ ಹೆಸರು ಎಂದು ಒಂದು ಪುಟ್ಟ ಲೂಪ್ ಬರೆದೆ. ಎಂಟೂ ಜನ ಸರ್ವಾಂಗಸಹಿತ ಬಂದರು. ಇನ್ನು ಮುಂದೆ ತಂಟೆ ಬೇಡವೆಂದು ಕಾಲಂಗಳ ನಡುವೆ ಟ್ಯಾಬ್ ಹಾಕಿ ಹೊಸ ಫೈಲು ಮಾಡಿಟ್ಟೆ.

ಅಷ್ಟರಲ್ಲಿ ಅಧ್ಯಕ್ಷರ ಫೋನು: "ಸಾರ್, ಊರು ಮೊದಲು ಬರಲಿ, ಇಸವಿ ಆಮೇಲೆ." ಟ್ಯಾಬ್ ಫೈಲು ಇದೆಯಲ್ಲ ಎಂದು ಕಟ್‌ಗೆ ಮೂರು, ಒಂದು ಎಂದು ಕೇಳಿದರೆ ಅದು ಒಂದು, ಮೂರು ಎಂದೇ ಕೊಡುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆ ಮೊದಲು ಹಾಕಿ ಎಂದು ಎಷ್ಟು ಕೂಗಿದರೂ ಎಲೆಗೆ ಮೊದಲು ಬೀಳುವುದು ಉಪ್ಪೇ ತಾನೆ, ಹಾಗೆ. ಅದಕ್ಕೂ ಆಕೇ ಗತಿ.

"ಎಂಟು ಹೆಸರಿಗೆ ಇಷ್ಟು ಹೊತ್ತಾ?" ಎಂದು ಮನೆಯವಳು ಕಾಫಿ ಲೋಟ ಎತ್ತಿಕೊಂಡು ಹೋದಳು. ಇಂಥ ಪ್ರಶ್ನೆಗೆ ನಮ್ಮ ಪಂಗಡದವರು ಉತ್ತರ ಕೊಡುವ ರೂಢಿಯಿಲ್ಲ.

ಫಲಕದಲ್ಲಿ ಮೊದಲ ಅಕ್ಷರ ದೊಡ್ಡದಾಗಿರಲಿ ಎಂಬ ಆಸೆಯೂ ಅಧ್ಯಕ್ಷರಿಗಿತ್ತು. ಮೊದಲ ಕ್ಯಾರಕ್ಟರ್ ಕೊಡು ಎಂದರೆ ನನ್ನ ಯಂತ್ರದಲ್ಲಿರುವ ಗ್ನೂ ಆವೃತ್ತಿಯ ಕಟ್ ಮೊದಲ ಬೈಟ್ ಕೊಡುತ್ತದೆ. ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಹಾಗಾಗಿ ಪರದೆಯ ಮೇಲೆ ಬಂದದ್ದು ಎಂಟು ಪ್ರಶ್ನಾರ್ಥಕ ಚಿಹ್ನೆ. 3 ಬೈಟ್ ಕೇಳಿದರೆ 'ಕ' ಬಂತು, ಕೊಂಬು ಮುರಿದ ಕುವೆಂಪು. ಇದೆಲ್ಲ ಸದ್ಯಕ್ಕೆ ಹೀಗೆ, ಮುಂದೆ ಸರಿಹೋಗುತ್ತದೆ ಎಂದು ಗ್ನೂ ಕೈಪಿಡಿ ವರ್ಷಾನುಗಟ್ಟಲೆ ಭರವಸೆ ಕೊಟ್ಟುಕೊಂಡೇ ಬಂದಿದೆ.

ಕರ್ನಿಗನ್ ಭರವಸೆಗೆ ನಿಲ್ಲಲಿಲ್ಲ. 2022ರಲ್ಲಿ, ತಮ್ಮ 80ನೇ ವಯಸ್ಸಿನಲ್ಲಿ, ತಾವೇ ಕೂತು ಮೂಲ ಆಕ್‌ಗೆ ಯೂನಿಕೋಡ್ ಕಲಿಸಿದರು. ಕುವೆಂಪು ಎಂಬ ಹೆಸರಿನ ಉದ್ದ ಮೊದಲು 21 ಎನ್ನುತ್ತಿದ್ದದ್ದು ಈಗ 7 ಎನ್ನುತ್ತದೆ. ಕು, ವೆಂ, ಪು ಎಂದು ಒಂದನೇ ಕ್ಲಾಸಿನ ಮಗು ಎಣಿಸಿದರೆ 3. ಪರವಾಗಿಲ್ಲ, ಇಳಿಯುತ್ತಿದೆ.

ಫಲಕ ಬರೆದದ್ದು ಮಗಳು, ಸ್ಕೆಚ್ ಪೆನ್ನಿನಲ್ಲಿ. ಅದು ಬೇರೆ ಮಾತು. ನನ್ನ ಕಣ್ಣು ಈಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರ ಪಟ್ಟಿಯ ಮೇಲಿದೆ. 1915ರ ಬೆಂಗಳೂರು ಸಮ್ಮೇಳನದಿಂದ ಶುರುವಾಗುವ ಉದ್ದನೆಯ ಪಟ್ಟಿ. ಮೊದಲ ಸಾಲಿನಲ್ಲೇ ಎಚ್.ವಿ. ನಂಜುಂಡಯ್ಯ.