ಅಂಟಿಸು, ಕತ್ತರಿಸು, ಮತ್ತೆ ಅಂಟಿಸು

ಐನೂರು ವರ್ಷಗಳ ಹಿಂದಿನ ಇಟಲಿಯಲ್ಲಿ ಹಾಳೆಯ ಅಳತೆ ತೀರ್ಮಾನಿಸುತ್ತಿದ್ದವನು ಚಿತ್ರಕಾರನಲ್ಲ, ಕಾಗದ ಮಾಡುವವನು. ನೀರು ಸೋರುವ ಜಾಲರಿ ಅಚ್ಚನ್ನು ಅವನ ತೋಳು ಎಷ್ಟಗಲ ಎತ್ತಬಲ್ಲದೋ ಅಷ್ಟೇ ಕಾಗದ. ದೊಡ್ಡ ಚಿತ್ರಕಾರರಿಗೆ ಅದು ಸಾಲುವುದುಂಟೇ? ಲಿಯೊನಾರ್ಡೊ ಡ ವಿಂಚಿ ಎಂಟು ಹಾಳೆ ಅಂಟಿಸಿ ಯೇಸುವಿನ ತಾಯಿ ಮೇರಿ, ಅವಳ ತಾಯಿ, ಎರಡು ಕೂಸುಗಳನ್ನು ಕೂರಿಸಿದ.

ಅದೇ ಕಾಲದ ಚಿತ್ರಕಾರ ರಫೇಲನದು ಇನ್ನೂ ದೊಡ್ಡ ಹಟ.

ಪೋಪ್ ಹತ್ತನೇ ಲಿಯೊಗೆ ಸಿಸ್ಟೀನ್ ಚಾಪೆಲ್ಲಿನ ಗೋಡೆಗೆ ಚಿತ್ರಗಂಬಳಿ ಬೇಕಿತ್ತು. 1515–16ರ ಹೊತ್ತಿಗೆ ಅದರ ನೇಯ್ಗೆಗೆಂದು ಹಾಳೆಗೆ ಹಾಳೆ ಸೇರಿ ಮೂರು ಮೀಟರಿಗೂ ಎತ್ತರದ ಮಾದರಿಗಳು ಎದ್ದು ನಿಂತವು. (ಗೋಂದು ಕಲಸಿದವರು ಶಿಷ್ಯರೇ ಇರಬೇಕು, ಗುರುಗಳ ಕೈ ಅಂಟಾಗುವುದುಂಟೇ!) ನೇಯ್ಗೆಯಲ್ಲಿ ಎಡಬಲ ಅದಲುಬದಲಾಗುವುದರಿಂದ ಎಲ್ಲವನ್ನೂ ತಿರುವುಮುರುವಾಗಿ ಬರೆದದ್ದಾಯಿತು.

ಆ ಮಾದರಿಗಳು ಕೈಸೇರಿದ ಬ್ರಸೆಲ್ಸಿನ ನೇಕಾರರು ಮಾಡಿದ್ದೇನು? ಕತ್ತರಿ ಹಿಡಿದು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ ಮಗ್ಗದಡಿ ತುರುಕಿದರು. ಅವರಿಗೆ ಅದು ಕಲೆಯಲ್ಲ, ದರ್ಜಿಯ ಅಳತೆ ಚೀಟಿ.

1623ರಲ್ಲಿ ಇಂಗ್ಲೆಂಡಿನ ರಾಜಕುಮಾರ ಚಾರ್ಲ್ಸ್ ಈ ಮಾದರಿಗಳಲ್ಲಿ ಏಳನ್ನು ಪಟ್ಟಿಗಳಾಗಿಯೇ ಕೊಂಡ, ಮತ್ತೆ ನೇಯಿಸಲಿಕ್ಕೆ! ಅವು ಪುನಃ ಜೋಡಣೆಯಾದದ್ದು 1690ರ ದಶಕದಲ್ಲಿ. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಕತ್ತರಿಗೆ ಅಲ್ಲಿ ಪ್ರವೇಶವಿಲ್ಲ.