ಹನ್ನೆರಡನೆಯವನ ಕಿಮ್ಮತ್ತು

ನಮ್ಮ ಕಾಗವಾಡ ತಾಲೂಕಿನ ಐನಾಪುರದ ಕಡೆ ಜಾತ್ರೆ ಬಂತೆಂದರೆ ಹೊನಲು ಬೆಳಕಿನ ಕಬಡ್ಡಿ ಬಂತು. ಕಬಡ್ಡಿ ಬಂತೆಂದರೆ ಆಟಗಾರರಿಗಿಂತ ಮೊದಲು ಆಯ್ಕೆ ಸಮಿತಿ ಬಂತು. ಈ ಸಮಿತಿಗೆ ನೋಂದಣಿ ಇಲ್ಲ, ಕಚೇರಿ ಇಲ್ಲ. ಚಹಾದಂಗಡಿಯ ಬಾಕು ಇದೆ. ಸದಸ್ಯರಿಗೆ ಬೇಕಾದ ಅರ್ಹತೆ ಒಂದೇ. ಒಂದು ಕಾಲಕ್ಕೆ ಆಡಿರಬೇಕು, ಇಲ್ಲವೇ ‘ಆಡುತ್ತಿದ್ದೆ’ ಎಂದರೆ ಯಾರೂ ಸಾಕ್ಷಿ ಕೇಳದಷ್ಟು ವಯಸ್ಸಾಗಿರಬೇಕು.

ತಂಡದಲ್ಲಿ 12 ಜನ, ಅಂಕಣದೊಳಗೆ 7. ಒಳಗಿನವರ ಬಗ್ಗೆ ಸಮಿತಿಗೆ ತಕರಾರಿಲ್ಲ. ಅವರಲ್ಲಿ ಒಬ್ಬಿಬ್ಬರು ಹೇಗೂ ಸಾಂಗಲಿ, ಕೊಲ್ಲಾಪುರದ ಕಡೆಯಿಂದ ಪಗಾರ ಕೊಟ್ಟು ಕರೆಸಿದವರು. ರೊಕ್ಕ ಎಣಿಸಿ ತಂದ ಮೇಲೆ ಅವರು ಚೆನ್ನಾಗಿ ಆಡಿಯೇ ಆಡುತ್ತಾರೆ. ಆಡಲಿಲ್ಲವೆಂದರೆ ಅಂಕಣದ ಮಣ್ಣು ಸರಿಯಿಲ್ಲ. ಸಮಿತಿಯ ವಿದ್ವತ್ತೆಲ್ಲ ಖರ್ಚಾಗುವುದು ಹನ್ನೆರಡನೆಯವನ ಮೇಲೆ.

“ಅಂವನ್ನ ಯಾಕ ಇಟ್ಟೀರಿ?”

“ಇರ್ಲಿ ತಗೋರಿ, ಮೊಬೈಲ್ ಹಿಡ್ಯಾಕ ಒಬ್ಬ ಬೇಕಲ್ಲ.”

ಮೌಲ್ಯಮಾಪನ ಮುಗಿಯಿತು. ಅವನ ತೊಡೆಯ ಮೇಲೆ ಒಂದು ಟವೆಲ್ಲು, ಅದರಲ್ಲಿ ಏಳೂ ಜನರ ಮೊಬೈಲು, ಒಬ್ಬನ ಬೆಳ್ಳಿ ಕಡಗ, ಇನ್ನೊಬ್ಬನ ಕೊರಳಿನ ತಾಯತ, ನೋವಿಗೆ ಹೊಡೆಯುವ ಸ್ಪ್ರೇ. ಯಾರ ಫೋನು ಬಂದರೂ ‘ಆಟದಾಗ ಅದಾನ್ರಿ’ ಎಂದು ಉತ್ತರಿಸುವವನೂ ಅವನೇ. ಅವನ ಜರ್ಸಿಯಷ್ಟು ಸ್ವಚ್ಛ ಜರ್ಸಿ ತಂಡದಲ್ಲಿ ಇನ್ನೊಂದಿಲ್ಲ. ಎದೆಯ ಮೇಲಿನ ನಾಯಕರ ಫೋಟೊ ಕೂಡ ಬೆವರಿಲ್ಲ.

ಹಾಗಂತ ಅವನಿಗೆ ಅವಕಾಶವೇ ಕೊಡುವುದಿಲ್ಲ ಎಂದರೆ ಸಮಿತಿಗೆ ಅನ್ಯಾಯವಾದೀತು. ಎರಡು ರೇಡ್ ಖಾಲಿ ಹೋದರೆ ಮೂರನೆಯದು ‘ಡು ಆರ್ ಡೈ’. 30 ಸೆಕೆಂಡಿನಲ್ಲಿ ಅಂಕ ತರದಿದ್ದರೆ ರೇಡರ್ ಔಟ್. ಪಗಾರಿನವನನ್ನು ಸುಮ್ಮನೆ ಯಾಕೆ ಕಳಕೊಳ್ಳಬೇಕು? ಆಗ ಹನ್ನೆರಡನೆಯವನ ನೆನಪಾಗುತ್ತದೆ. ಟವೆಲ್ಲು ಪಕ್ಕದವನಿಗೆ ಕೊಟ್ಟು ಎದ್ದರೆ ಮೈ ಕಾದಿಲ್ಲ, ಎದುರಿಗೆ ಏಳೂ ಜನ ಕೈಕೈ ಹಿಡಿದು ನಿಂತಿದ್ದಾರೆ. ಹೋದ, ಬಿದ್ದ. “ನಾ ಹೇಳಿದ್ದಿಲ್ಲ?” ಎಂದು ಬಾಕು ಒಮ್ಮತದಿಂದ ಕೇಳುತ್ತದೆ. ವರ್ಷಕ್ಕೆ ಒಂದು ರೇಡ್, ಅದರಲ್ಲಿ ಒಮ್ಮೆ ಔಟ್: ನೂರಕ್ಕೆ ನೂರು ವೈಫಲ್ಯ!

ನಮ್ಮ ಕಬ್ಬಿನ ಕಥೆಯೂ ಹೆಚ್ಚುಕಡಿಮೆ ಇದೇ. ತೂಕದ ಕಾಟಾ ಸಕ್ಕರೆ ಕಾರ್ಖಾನೆಯದು, ಕಬ್ಬಿನಿಂದ ಎಷ್ಟು ಸಕ್ಕರೆ ಬಂತೆಂಬ ರಿಕವರಿ ತೆಗೆಯುವ ಪ್ರಯೋಗಾಲಯವೂ ಕಾರ್ಖಾನೆಯದೇ. ಆದರೆ ಕಬ್ಬನ್ನು ಕನಿಷ್ಠ ಅರೆದ ಮೇಲೆ ರಿಕವರಿ ಕಡಿಮೆ ಎನ್ನುತ್ತಾರೆ. ಈ ಹುಡುಗನನ್ನು ಗಾಣಕ್ಕೇ ಹಾಕದೆ ಹೇಳಿಬಿಟ್ಟರು.

ಇಂಥ ಬಾಕು ಹವಾನಿಯಂತ್ರಿತ ಕೋಣೆಗಳಲ್ಲೂ ಇರುತ್ತದೆ. 2017ರ ಪ್ರೊ ಕಬಡ್ಡಿಯಲ್ಲಿ ಗುಜರಾತ್ ತಂಡ ಪವನ್ ಸೆಹ್ರಾವತ್ ಎಂಬ ರೇಡರನನ್ನು ಹೆಚ್ಚಾಗಿ ಕೂರಿಸಿಯೇ ಇಟ್ಟಿತ್ತು. ಮುಂದಿನ ಋತುವಿನಲ್ಲಿ ಬೆಂಗಳೂರು ಬುಲ್ಸ್ ಕರೆದುಕೊಂಡಿತು. ಆತ 271 ರೇಡ್ ಅಂಕ ತೆಗೆದ. 2019ರ ಜನವರಿ 5ರಂದು ಮುಂಬೈಯಲ್ಲಿ ಫೈನಲ್, ಎದುರಿಗೆ ಅದೇ ಗುಜರಾತ್. ಪವನ್ ಒಬ್ಬನೇ 22 ಅಂಕ ತಂದ, ಬುಲ್ಸ್ 38–33ರಿಂದ ಕಪ್ ಎತ್ತಿತು. 2022ರಲ್ಲಿ ತಮಿಳ್ ತಲೈವಾಸ್ ಆತನಿಗೆ 2 ಕೋಟಿ 26 ಲಕ್ಷ ಸುರಿಯಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಕೈಕೊಟ್ಟು ಆತ ಋತುವಿಡೀ ಹೊರಗೆ ಕೂತ. ಮರುವರ್ಷ ತೆಲುಗು ಟೈಟಾನ್ಸ್ ಕೊಟ್ಟದ್ದು 2 ಕೋಟಿ 60 ಲಕ್ಷಕ್ಕೂ ಮೇಲೆ. ಕೂತರೆ ದರ ಏರುವುದಾದರೆ ನಮ್ಮ ಹನ್ನೆರಡನೆಯವ ಈಗ ಕಾಗವಾಡ ತಾಲೂಕನ್ನೇ ಕೊಳ್ಳಬಹುದಿತ್ತು. ಸದ್ಯಕ್ಕೆ ಅವನ ದರ ಅರ್ಧ ಚಹಾ.

ತಪ್ಪಿದವನಿಗೂ ಕಿಮ್ಮತ್ತು ಕೊಡುವ ಆಟ ಇಲ್ಲದಿಲ್ಲ. ಆಸ್ಟ್ರೇಲಿಯಾದವರದೊಂದು ಫುಟ್‌ಬಾಲ್ ಇದೆ. ಚೆಂಡು ಮೊಟ್ಟೆಯಾಕಾರ, ಒಂದೊಂದು ಕಡೆ ಅಂಗಣದಲ್ಲೇ 18 ಜನ. ನಡುವಿನ ಎರಡು ಕಂಬಗಳೊಳಗೆ ಒದ್ದರೆ 6 ಅಂಕ. ಗುರಿ ತಪ್ಪಿ ಪಕ್ಕದ ಕಂಬದ ಸಂದಿಯಲ್ಲಿ ಹೋದರೂ 1 ಅಂಕ. ಇದನ್ನು ಬಾಕಿನ ಮೇಲಿನವರಿಗೆ ವಿವರಿಸಿದೆ. “ಇದೆಂಥಾ ಆಟರಿ, ತಪ್ಪಿದ್ರೂ ಮಾರ್ಕಾ?” ಎಂದು ನಕ್ಕರು. ಪಗಾರಿನವ ಬರಿಗೈಯಲ್ಲಿ ವಾಪಸು ಬಂದಾಗ ‘ಟ್ರೈ ಮಾಡಿದ ಬಿಡ್ರಿ’ ಎಂದು ಚಪ್ಪಾಳೆ ತಟ್ಟುವವರೂ ಇವರೇ.

ಈ ಸಲ ಹುಡುಗ ನೆಟ್ಟಗೆ ಹೇಳಿದ: “ಕಾಕಾ, ಹಂಗಾಮು ಸುರು ಆಗೇತಿ. ಟೆಂಪೋಕ್ಕ ಬಾಡಿಗಿ ಐತಿ, ನಂಗ ಬರಾಕ ಆಗಂಗಿಲ್ಲ.” ಶೇಡಬಾಳಕ್ಕಾಗಲಿ ಮಂಗಸೂಳಿಗಾಗಲಿ ತಂಡ ಇಷ್ಟು ವರ್ಷ ಹೋಗಿಬಂದದ್ದು ಅವರಪ್ಪನ ಟೆಂಪೋದಲ್ಲಿ. ಸಮಿತಿಯ ಯಾವ ಲೆಕ್ಕದಲ್ಲೂ ಅದು ಬಂದಿರಲಿಲ್ಲ. ತುರ್ತು ಸಭೆ ಕೂತಿತು. ಬೇರೆ ಗಾಡಿಯ ಬಾಡಿಗೆ, ಡ್ರೈವರನ ಊಟ ಎಲ್ಲ ಕೂಡಿಸಿ ನೋಡುವಷ್ಟರಲ್ಲಿ ಹನ್ನೆರಡನೆಯವನ ಆಟ ಒಮ್ಮೆಲೇ ಸುಧಾರಿಸಿತು.

“ಹುಡುಗನ ಕಾಲಾಗ ಚುರುಕ ಐತ್ರಿ,” ಎಂದರು ಹಿರಿಯರೊಬ್ಬರು.

“ನಾ ಮೊದ್ಲಿಂದ ಹೇಳಾಕತ್ತೇನಿ, ಏಳರಾಗ ಆಡಸೂನು ಅಂತ,” ಎಂದರು ಇನ್ನೊಬ್ಬರು.

ಠರಾವು ಪಾಸಾಗಿದೆ, ಮೊದಲ ರೇಡ್ ಅವನದೇ. ಡೀಸೆಲ್ ಯಾರು ಹಾಕಿಸಬೇಕು ಎಂಬುದೊಂದೇ ಬಾಕಿ. ಅದನ್ನೂ ಅವರಪ್ಪನನ್ನೇ ಕೇಳಿ ನೋಡುವುದೆಂದು ಇಬ್ಬರನ್ನು ಅವರ ಮನೆಗೆ ಕಳಿಸಿದ್ದಾರೆ.