ಮೇಲೊಂದು ರೂಪಾಯಿ

ಹಳೇ ಮೈಸೂರು ಕಡೆಯ ಮದುವೆಗಳಲ್ಲಿ, ಊಟದ ಹಾಲಿಗೆ ಹೋಗುವ ದಾರಿಯಲ್ಲೇ, ಫ್ಯಾನಿನ ಗಾಳಿ ಸರಿಯಾಗಿ ತಾಗದ ಮೂಲೆಯೊಂದರಲ್ಲಿ, ಮನೆಯ ಹಿರಿಯರೊಬ್ಬರು ನೋಟುಪುಸ್ತಕ ಹಿಡಿದು ಕೂತಿರುತ್ತಾರೆ. ಮೊದಲ ಪುಟದ ನೆತ್ತಿಗೆ 'ಶ್ರೀ', ಮೂಲೆಗಳಿಗೆ ಅರಿಶಿನ, ಒಳಗೆ ಊರು, ಹೆಸರು, ಮೊತ್ತ. ಇದೇ ಮುಯ್ಯಿ ಪುಸ್ತಕ. ಮದುವೆಯ ಆಲ್ಬಮ್ ಕಳೆದುಹೋದರೆ ಮನೆಯವರಿಗೆ ಬೇಸರವಾಗುತ್ತದೆ. ಈ ಪುಸ್ತಕ ಕಳೆದರೆ ಗಾಬರಿಯಾಗುತ್ತದೆ. ಮುಂದೆ ಯಾರ ಮನೆಯ ಮದುವೆಗೆ ಎಷ್ಟು ಕೊಡಬೇಕೆಂಬುದನ್ನು ಯಾರೂ ಕೂತು ಯೋಚಿಸುವುದಿಲ್ಲ, ಪುಸ್ತಕ ತೆಗೆದು ನೋಡುತ್ತಾರೆ. ಆದರೂ ಕವರಿಗೆ ದುಡ್ಡು ಹಾಕುವಾಗ ಪ್ರತಿಯೊಬ್ಬರೂ ತಮ್ಮ ಮನಸ್ಸಿಗೆ ತೋಚಿದ್ದನ್ನು ಕೊಡುತ್ತಿದ್ದೇವೆ ಎಂದೇ ನಂಬಿರುತ್ತಾರೆ. ಮನಸ್ಸಿಗೆ ತೋಚುವ ಮೊತ್ತ ಮಾತ್ರ 501 ಅಥವಾ 1001. 487 ಎಂಬುದು ಯಾವ ಧಾರಾಳಿಗೂ, ಯಾವ ಜಿಪುಣನಿಗೂ ತೋಚಿದಂತಿಲ್ಲ. ನಾವು ಸ್ವಂತ ಬುದ್ಧಿಯಿಂದ ಮಾಡಿದೆವು ಎಂದುಕೊಳ್ಳುವ ಎಷ್ಟೋ ತೀರ್ಮಾನಗಳ ಕವರಿನೊಳಗೆ ಸಂಸ್ಕೃತಿ ಮೊದಲೇ ಕೈ ಹಾಕಿರುತ್ತದೆ ಎಂಬುದು ನನ್ನ ವಾದ.

ಸಂಸ್ಕೃತಿ ಎಂಬ ದೊಡ್ಡ ಮಾತೇಕೆ, ಇದು ಕೊಟ್ಟು ವಸೂಲು ಮಾಡುವ ಬರೀ ವ್ಯವಹಾರ ಎನ್ನುವವರಿದ್ದಾರೆ. ವ್ಯವಹಾರವೇ ಆಗಿದ್ದರೆ ಲೆಕ್ಕ ಚುಕ್ತಾ ಆದ ದಿನ ಎರಡು ಕಡೆಯವರಿಗೂ ನೆಮ್ಮದಿಯಾಗಬೇಕಿತ್ತು. ಇಲ್ಲಿ ಆಗುವುದು ಉಲ್ಟಾ. 500 ಮುಯ್ಯಿ ಮಾಡಿದವರಿಗೆ ಕರಾರುವಾಕ್ಕಾಗಿ 500 ಹಿಂದಿರುಗಿಸಿ ನೋಡಿ, 'ಲೆಕ್ಕ ಮುಗಿಸಿಬಿಟ್ಟರು' ಎಂಬ ಮಾತು ಮೂರು ಊರು ಸುತ್ತುತ್ತದೆ. ಲೆಕ್ಕ ಮುಗಿಯಬಾರದೆಂದೇ ಅಂಗಡಿಯವರು ಕವರಿನ ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿ ಮಾರುವುದು. ಪಕ್ಕದ ಮನೆಯಿಂದ ಪಾಯಸ ತುಂಬಿಕೊಂಡು ಬಂದ ಡಬರಿ ಖಾಲಿ ಹಿಂದಿರುಗಬಾರದು, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರಬೇಕು ಎನ್ನುವುದೂ ಅದಕ್ಕೇ. ಇನ್ನು ಗೌರಿ ಹಬ್ಬದಲ್ಲಿ ಅರಿಶಿನ ಕುಂಕುಮದ ಜೊತೆ ಕೊಡುವ ರವಿಕೆ ಕಣದ ಕಥೆಯೇ ಬೇರೆ. ಅದನ್ನು ದರ್ಜಿಯ ಹತ್ತಿರ ಒಯ್ಯುವವರು ಅಪರೂಪ. ಈ ವರ್ಷ ಬಂದದ್ದು ಮುಂದಿನ ವರ್ಷ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದು ಮನೆಗೆ. ಹೊಲಿಗೆ ಕಾಣದೆಯೇ ಊರೆಲ್ಲ ಸುತ್ತುತ್ತದೆ. ಇದನ್ನು ನೋಡಿ ನಗುವವರು ಟ್ರೋಬ್ರಿಯಂಡ್ ದ್ವೀಪಗಳ ಕಡೆ ಒಮ್ಮೆ ನೋಡಬೇಕು. ಅಲ್ಲಿನ 'ಕುಲಾ' ಪದ್ಧತಿಯ ಬಗ್ಗೆ ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ 1922ರಲ್ಲೇ ದಪ್ಪ ಪುಸ್ತಕ ಬರೆದರು. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಪ್ರದಕ್ಷಿಣೆಯಾಗಿ, ಬಿಳಿ ಚಿಪ್ಪಿನ ತೋಳಬಳೆಗಳು ಅಪ್ರದಕ್ಷಿಣೆಯಾಗಿ ಸುತ್ತುತ್ತಿರುತ್ತವೆ. ಕಡಲಿನಲ್ಲಿ ದೋಣಿ ನಡೆಸಿ ತಂದದ್ದನ್ನು ಯಾರೂ ಬಹಳ ಕಾಲ ಇಟ್ಟುಕೊಳ್ಳುವಂತಿಲ್ಲ; ಇಟ್ಟುಕೊಂಡರೆ ಹೆಸರು ಕೆಡುತ್ತದೆ. ನಮ್ಮ ರವಿಕೆ ಕಣಕ್ಕೆ ಸಮುದ್ರ ದಾಟುವ ಕಷ್ಟವಿಲ್ಲ, ಅಷ್ಟೇ.

ಋಣಭಾವ ಮನುಷ್ಯಸಹಜ, ಎಲ್ಲ ಕಡೆಯೂ ಇರುವಂಥದು, ಅದಕ್ಕೆ ಸಂಸ್ಕೃತಿಯ ಹಂಗೇಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಇದಕ್ಕೆ ಉತ್ತರ ಒಂದು ಆಟದಲ್ಲಿದೆ. 1982ರಲ್ಲಿ ಜರ್ಮನಿಯ ಅರ್ಥಶಾಸ್ತ್ರಜ್ಞರು ಆಡಿಸಿ ನೋಡಿದ ಆಟ ಅದು. ಒಬ್ಬನ ಕೈಗೆ ಒಂದಿಷ್ಟು ಹಣ ಕೊಡುತ್ತಾರೆ. ಅದರಲ್ಲಿ ಎಷ್ಟು ಪಾಲನ್ನು ಎದುರಿನವನಿಗೆ ಕೊಡುತ್ತಾನೆಂದು ಅವನು ಹೇಳಬೇಕು. ಎದುರಿನವನು ಒಪ್ಪಿದರೆ ಇಬ್ಬರಿಗೂ ಅವರವರ ಪಾಲು. ಒಲ್ಲೆ ಎಂದರೆ ಇಬ್ಬರಿಗೂ ಚೊಂಬು. ಅರ್ಥಶಾಸ್ತ್ರದ ಪುಸ್ತಕದ ಲೆಕ್ಕದಂತೆ ಎದುರಿನವನು ಒಂದು ರೂಪಾಯಿ ಸಿಕ್ಕರೂ ತೆಗೆದುಕೊಳ್ಳಬೇಕು, ಏನೂ ಸಿಗದೇ ಇರುವುದಕ್ಕಿಂತ ಅದೇ ವಾಸಿಯಲ್ಲವೇ? ಅರ್ಥಶಾಸ್ತ್ರದ ಈ ವಿವೇಕಿಯನ್ನು ಹುಡುಕಿಕೊಂಡು ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 15 ಸಣ್ಣ ಸಮಾಜಗಳಲ್ಲಿ ಆಟ ಆಡಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಸಾಮಿ ಎಲ್ಲೂ ಸಿಗಲಿಲ್ಲ. ಪೆರುವಿನ ಕಾಡಿನ ಮಾಚಿಗ್ವೆಂಗಾ ಜನ ಸರಾಸರಿ ಶೇ. 26 ಕೊಡಲು ಮುಂದಾದರು; ಪಡೆಯುವವರೂ ಹೆಚ್ಚುಕಡಿಮೆ ಎಲ್ಲರೂ ತಕರಾರಿಲ್ಲದೆ ಒಪ್ಪಿಕೊಂಡರು. ಇಂಡೊನೇಷ್ಯಾದ ಲಾಮಲೆರಾದಲ್ಲಿ ಜನ ಗುಂಪಾಗಿ ತಿಮಿಂಗಿಲ ಬೇಟೆಯಾಡಿ ಮಾಂಸವನ್ನು ಕಟ್ಟುನಿಟ್ಟಾಗಿ ಹಂಚಿಕೊಳ್ಳುತ್ತಾರೆ. ಅಲ್ಲಿಯವರು ಸರಾಸರಿ ಅರ್ಧಕ್ಕಿಂತ ಹೆಚ್ಚು ಕೊಟ್ಟರು. ನಿಜವಾದ ತಮಾಷೆ ನಡೆದದ್ದು ಪಪುವಾ ನ್ಯೂಗಿನಿಯಲ್ಲಿ. ಅಲ್ಲಿನ ಔ ಮತ್ತು ಗ್ನೌ ಜನರಲ್ಲಿ ಕೆಲವರು ಅರ್ಧಕ್ಕಿಂತ ಹೆಚ್ಚು ಕೊಡಲು ಬಂದರು, ಎದುರಿನವರು ಅದನ್ನೂ ಒಲ್ಲೆ ಎಂದುಬಿಟ್ಟರು! ಕೇಳದೆ ಬಂದ ದೊಡ್ಡ ಉಡುಗೊರೆ ಒಪ್ಪಿಕೊಂಡರೆ ಮುಂದೆಂದೋ ತೀರಿಸಬೇಕು, ಅಲ್ಲಿಯವರೆಗೆ ಕೊಟ್ಟವನ ಮುಂದೆ ತಲೆ ಬಗ್ಗಿಸಿರಬೇಕು. ಈ ಸುದ್ದಿ ಓದಿ ಅರ್ಥಶಾಸ್ತ್ರಜ್ಞರು ಬೆರಗಾಗಿರಬಹುದು. ಮುಯ್ಯಿ ಪುಸ್ತಕ ಬರೆಯುವ ನಮ್ಮ ಹಿರಿಯರಿಗೆ ಒಂದು ಸಲ ಹೇಳಿದ್ದರೆ ತಿಳಿಯುತ್ತಿತ್ತು. ಋಣಭಾವ ಸಹಜವೇ ಇರಲಿ. ಯಾವುದು ಋಣ, ಯಾರದು, ಎಷ್ಟಕ್ಕೆ ನಾಚಿಕೊಳ್ಳಬೇಕು, ಎಷ್ಟಕ್ಕೆ ಸಿಟ್ಟಾಗಬೇಕು ಎಂಬ ದರಪಟ್ಟಿಯನ್ನು ಮಾತ್ರ ಆಯಾ ಊರೇ ಬರೆದುಕೊಡುತ್ತದೆ.

ಹಾಗೆಂದು ಸಂಸ್ಕೃತಿ ಹೇಳಿದ್ದೆಲ್ಲ ಸರಿ ಎಂದಲ್ಲ. ಸಂಪ್ರದಾಯದ ಹೆಸರಲ್ಲೇ ವರದಕ್ಷಿಣೆಯೂ ಬಂತು. 1961ರಲ್ಲಿ ಕಾನೂನು ಮಾಡಿ ನಿಷೇಧಿಸಿದರೂ 'ನಾವಾಗಿ ಏನೂ ಕೇಳುವುದಿಲ್ಲ, ನಿಮ್ಮ ಹುಡುಗಿಗೆ ನೀವು ಹಾಕುತ್ತೀರಿ' ಎಂಬ ಸೌಜನ್ಯದ ವೇಷದಲ್ಲಿ ಉಳಿದುಕೊಂಡಿದೆ. ಒಂದು ನಡವಳಿಕೆ ಎಲ್ಲಿಂದ ಬಂತೆಂದು ತಿಳಿದಾಕ್ಷಣ ಅದನ್ನು ಸಹಿಸಿಕೊಳ್ಳಬೇಕಾಗಿಲ್ಲ.

ಓದಿದವರು, ಪೇಟೆಯವರು ಈ ಮುಯ್ಯಿಯನ್ನೆಲ್ಲ ಬಿಟ್ಟಿದ್ದಾರೆ ಎಂಬ ಮಾತೂ ಉಂಟು. ಬಿಟ್ಟದ್ದು ಲೆಮನ್ ಸೆಟ್ಟನ್ನು ಮತ್ತು ಗೋಡೆ ಗಡಿಯಾರವನ್ನು. ಲೆಕ್ಕ ಹಾಗೇ ಇದೆ, ಯುಪಿಐ ಬಂದ ಮೇಲೆ ಹಿರಿಯರ ಕೆಲಸವನ್ನು ಬ್ಯಾಂಕೇ ತಾರೀಕು ಸಮೇತ ಮಾಡಿಕೊಡುತ್ತಿದೆ. 'ಆಶೀರ್ವಾದವೇ ಉಡುಗೊರೆ' ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದವರ ಮನೆಯಲ್ಲೂ, ಬರಿಗೈಲಿ ಬಂದು ಆಶೀರ್ವಾದ ಮಾಡಿ ಹೋದವರು ಯಾರ್‍ಯಾರೆಂದು ಹೇಳಬಲ್ಲ ಅತ್ತೆಯೊಬ್ಬರು ಇದ್ದೇ ಇರುತ್ತಾರೆ. ಆದ್ದರಿಂದ ಅಂಥ ಪತ್ರಿಕೆ ಬಂದರೆ ಅದರ ಮಾತಿಗೆ ಮರುಳಾಗದೆ ಜೇಬಿನಲ್ಲೊಂದು ಕವರ್ ಇಟ್ಟುಕೊಂಡೇ ಹೋಗಿ. ಮೇಲೆ ನಿಮ್ಮ ಹೆಸರು, ಊರು ಸ್ಪಷ್ಟವಾಗಿ ಬರೆದಿರಲಿ.